ಜಾಹೀರಾತು ಪ್ಲಾನಿಂಗ್ ಟೂಲ್ ಕೊಳ್ಳುವ ಮುನ್ನ ಹಳೇ ಕ್ಯಾಂಪೇನ್ ಹಾಕಿ ನೋಡಿ

ಆನ್‌ಲೈನ್ ಜಾಹೀರಾತಿನ ಮೀಡಿಯಾ ಪ್ಲಾನಿಂಗ್ ಟೂಲ್ (ಎಲ್ಲಿ ಎಷ್ಟು ದುಡ್ಡು ಹಾಕಿದರೆ ಎಷ್ಟು ಜನ ನೋಡುತ್ತಾರೆ ಅಂತ ಅಂದಾಜು ಹೇಳುವ ಸಾಫ್ಟ್‌ವೇರ್) ಮಾರುವವರು ಡೆಮೊಗೆ ತಮ್ಮದೇ ಅಂಕಿಅಂಶ ತಂದಿರುತ್ತಾರೆ. ಸ್ಕ್ರೀನ್ ಮೇಲೆ ಬಣ್ಣಬಣ್ಣದ ಗ್ರಾಫ್ ಏರುತ್ತದೆ, ಎಲ್ಲರೂ ತಲೆಯಾಡಿಸುತ್ತಾರೆ, ವರ್ಷದ ಕರಾರಿಗೆ ಸಹಿ ಬೀಳುತ್ತದೆ. ಮೂರು ತಿಂಗಳಿಗೆ ಮತ್ತೆ ಎಕ್ಸೆಲ್ಲೇ ಗತಿ.

ಮೊದಲು ಟ್ರಯಲ್ ಲಾಗಿನ್ ಕೇಳಿ. ಕೊಡಲ್ಲ ಅಂದರೆ ಕಾಫಿ ಕುಡಿಸಿ ಕಳಿಸಿಬಿಡಿ.

ಸಿಕ್ಕಿತು ಅನ್ನಿ. ಈಗ ಮುಗಿದುಹೋದ ಒಂದು ಕ್ಯಾಂಪೇನ್ ತೆಗೆದುಕೊಳ್ಳಿ, ದೀಪಾವಳಿಗೆ ದಾವಣಗೆರೆಯ ಸೀರೆ ಅಂಗಡಿಗೆ ಮಾಡಿದ್ದು ಇರಬಹುದು. ಆಗಿನ ಬಜೆಟ್, ಊರು, ವಯಸ್ಸು, ದಿನಾಂಕ ಇಷ್ಟೇ ಹಾಕಿ. ಫಲಿತಾಂಶ ಏನಾಯಿತು ಅಂತ ಮಾರುವವರಿಗೆ ಬಾಯಿಬಿಡಬೇಡಿ. ಟೂಲ್ ಹೇಳಿದ ರೀಚ್ (ಎಷ್ಟು ಜನರನ್ನು ಮುಟ್ಟುತ್ತದೆ), ಫ್ರೀಕ್ವೆನ್ಸಿ (ಒಬ್ಬರಿಗೆ ಸರಾಸರಿ ಎಷ್ಟು ಸಲ), ಸಾವಿರ ಇಂಪ್ರೆಷನ್‌ನ (ಜಾಹೀರಾತು ಸಾವಿರ ಸಲ ತೋರಿಸುವ) ದರ ಬರೆದಿಟ್ಟುಕೊಂಡು, ಆಮೇಲೆ ಅಸಲಿ ರಿಪೋರ್ಟ್ ಪಕ್ಕದಲ್ಲಿಡಿ. ಬಜೆಟ್ ಜಿಎಸ್‌ಟಿ ಬಿಟ್ಟೇ ಹಾಕಬೇಕು. ನಾನೊಮ್ಮೆ ಶೇ 18 ಸೇರಿಸಿಯೇ ಹಾಕಿ, ಟೂಲ್ ಸುಳ್ಳು ಹೇಳ್ತಿದೆ ಅಂತ ಅರ್ಧ ದಿನ ಜಗಳ ಆಡಿದ್ದೆ. ಹಬ್ಬವಿಲ್ಲದ ವಾರದ ಕ್ಯಾಂಪೇನನ್ನೂ ಹೀಗೇ ಪರೀಕ್ಷಿಸಿ. ಹಬ್ಬಕ್ಕೂ ಬರೀ ದಿನಕ್ಕೂ ಒಂದೇ ದರ ತೋರಿಸಿದರೆ ಅದು ವರ್ಷದ ಸರಾಸರಿ ಒಪ್ಪಿಸುತ್ತಿದೆ, ಅಷ್ಟೇ.

ಇನ್ನು ರೀಚ್ ಕೂಡುವ ಲೆಕ್ಕ. ಹತ್ತು ಲಕ್ಷ ಜನರಲ್ಲಿ ಯೂಟ್ಯೂಬ್ ನಾಲ್ಕು ಲಕ್ಷ, ಇನ್‌ಸ್ಟಾಗ್ರಾಂ ಮೂರು ಲಕ್ಷ ಮುಟ್ಟುತ್ತದೆ ಎಂದುಕೊಳ್ಳಿ. ಒಟ್ಟು ಏಳು ಲಕ್ಷ ಅಂದರೆ ಕೂಡಲೇ ಅನುಮಾನಪಡಿ. ಎರಡನ್ನೂ ನೋಡುವವರು ಇದ್ದೇ ಇರುತ್ತಾರಲ್ವಾ? ಒಂದಕ್ಕೊಂದು ಸಂಬಂಧವಿಲ್ಲ ಅಂದುಕೊಂಡು ಲೆಕ್ಕ ಹಾಕಿದರೂ ಎರಡರಲ್ಲೂ ಬರುವವರು 1.2 ಲಕ್ಷ. ಉಳಿಯುವುದು 5.8 ಲಕ್ಷ. ನಿಜದಲ್ಲಿ ಇನ್ನೂ ಕಮ್ಮಿಯೇ ಇರಬಹುದು, ಫೋನ್ ಬಿಡದವರು ಎರಡು ಕಡೆಯೂ ಇರುತ್ತಾರೆ. ಈ ಪುನರಾವರ್ತನೆ ಹೇಗೆ ಕಳೆದಿರಿ ಅಂತ ಕೇಳಿ. ‘ನಮ್ಮ ಎಐ ನೋಡಿಕೊಳ್ಳುತ್ತೆ’ ಅನ್ನುವುದು ಉತ್ತರವಲ್ಲ.

ಭಾಷೆಯ ಜಾಗದಲ್ಲಿ ‘ಕನ್ನಡ’ ಒತ್ತಿ, ಆಮೇಲೆ ತೆಗೆದು, ರೀಚ್ ಎಷ್ಟು ಬದಲಾಗುತ್ತದೆ ನೋಡಿ. ಫೋನನ್ನು ಇಂಗ್ಲಿಷ್‌ನಲ್ಲಿಟ್ಟುಕೊಂಡೇ ದಿನವಿಡೀ ಕನ್ನಡ ವೀಡಿಯೊ ನೋಡುವವರು ನಮ್ಮ ಮನೆಯಲ್ಲೇ ಮೂವರಿದ್ದಾರೆ. ಫೋನಿನ ಸೆಟ್ಟಿಂಗ್ ಒಂದನ್ನೇ ನಂಬುವ ಟೂಲ್‌ಗೆ ಅವರು ಕನ್ನಡಿಗರೇ ಅಲ್ಲ.

ಜಾಹೀರಾತು ‘ಕಂಡಿತು’ ಅಂದರೆ ಟೂಲ್ ಲೆಕ್ಕದಲ್ಲಿ ಏನು ಅಂತಲೂ ವಿಚಾರಿಸಿ. ಬ್ಯಾನರ್ ಆದರೆ ಅರ್ಧ ಭಾಗ ಒಂದು ಸೆಕೆಂಡ್, ವೀಡಿಯೊ ಆದರೆ ಎರಡು ಸೆಕೆಂಡ್ ಕಂಡರೆ ಸಾಕು ಅನ್ನುವುದು ಉದ್ಯಮದ ಅಳತೆ. ಬರೀ ಪೇಜ್ ಲೋಡ್ ಆದದ್ದನ್ನೇ ಎಣಿಸುವವರೂ ಇದ್ದಾರೆ.

ಸಣ್ಣ ಅಂಗಡಿಯವರಿಗೆ ಇದ್ಯಾವುದೂ ಬೇಡ. ಗೂಗಲ್ ಕೀವರ್ಡ್ ಪ್ಲಾನರ್, ಮೆಟಾ ಆ್ಯಡ್ಸ್ ಮ್ಯಾನೇಜರ್ ಪುಕ್ಕಟೆ ತೋರಿಸುವ ಅಂದಾಜೇ ಸಾಕು.

ಕೊನೆಗೆ ಪ್ಲಾನನ್ನು ಎಕ್ಸೆಲ್‌ಗೆ ಇಳಿಸಿ ನೋಡಿ. ಪಿಡಿಎಫ್ ಮಾತ್ರ ಕೊಡುವ ಟೂಲ್ ಬೇಡವೇ ಬೇಡ. ರಾತ್ರಿ ಒಂಬತ್ತಕ್ಕೆ ಕ್ಲೈಂಟ್ ಫೋನ್ ಮಾಡಿ ‘ಬಜೆಟ್ ಅರ್ಧ ಮಾಡಿ ಈಗಲೇ ಕಳಿಸಿ’ ಅಂದರೆ ಪಿಡಿಎಫ್‌ನಲ್ಲಿ ಏನಂತ ತಿದ್ದುತ್ತೀರಿ?