ಟಾಕ್ಸಪೆಕ್ಸ್ ಆಡಿಸುವ ಬಗೆ: 101 ಮತ್ತು 152ರ ಲೆಕ್ಕ

ಪೋಕೆಮಾನ್ ಆಟದಲ್ಲಿ ಟಾಕ್ಸಪೆಕ್ಸ್ ಅನ್ನುವ, ಗೋಡೆಯ ಹಾಗೆ ಹೊಡೆತ ತಡೆಯುವ ಪೋಕೆಮಾನ್ ಅನ್ನು ಟೀಮಿಗೆ ಹಾಕಿಕೊಂಡ ಹೊಸಬರು ಮಾಡುವ ತಪ್ಪು ಬಹುತೇಕ ಒಂದೇ. ಎದುರಿಗೆ ಯಾರೇ ಬರಲಿ, ಅದನ್ನು ಅಲ್ಲೇ ನಿಲ್ಲಿಸಿಕೊಂಡು ರಿಕವರ್ (ಅರ್ಧ ಎಚ್‌ಪಿ, ಅಂದರೆ ಜೀವಬಲ, ವಾಪಸ್ ಕೊಡುವ ಮೂವ್) ಒತ್ತುತ್ತಾ ಕೂರುತ್ತಾರೆ. ಸ್ಕಾರ್ಲೆಟ್ ಮತ್ತು ವಯೊಲೆಟ್‌ನಲ್ಲಿ ರಿಕವರ್‌ನ ಪಿಪಿ, ಅಂದರೆ ಅದನ್ನು ಎಷ್ಟು ಸಲ ಒತ್ತಬಹುದು ಅನ್ನುವ ಮಿತಿ, 10ರಿಂದ 5ಕ್ಕೆ ಇಳಿದಿದೆ, ಪೂರ್ತಿ ಏರಿಸಿದರೂ 8. ಎಂಟು ಸಲ ಒತ್ತಿದ ಮೇಲೆ ಗೋಡೆ ಇಲ್ಲ, ಬರೀ ಇಟ್ಟಿಗೆ ರಾಶಿ.

ಟಾಕ್ಸಪೆಕ್ಸ್‌ನ ನಿಜವಾದ ಗಂಟು ಇರುವುದು ರೀಜನರೇಟರ್ ಅನ್ನುವ ಅಬಿಲಿಟಿಯಲ್ಲಿ. ಹೊರಗೆ ಹೋದಾಗಲೆಲ್ಲ ಪೂರ್ತಿ ಎಚ್‌ಪಿಯ ಮೂರರಲ್ಲೊಂದು ಪಾಲು ವಾಪಸ್ ಬರುತ್ತೆ. ಅದಕ್ಕೆ ಪಿಪಿ ಖರ್ಚಿಲ್ಲ, ಟಾಂಟ್ (ಸ್ಟೇಟಸ್ ಮೂವ್, ಅಂದರೆ ನೇರ ಹೊಡೆತ ಇಲ್ಲದ ಮೂವ್‌ಗಳಿಗೆ ತಡೆ) ಹಾಕಿ ಅದನ್ನು ನಿಲ್ಲಿಸುವುದಕ್ಕೂ ಆಗಲ್ಲ. ಇದು ಹಿಡನ್ ಅಬಿಲಿಟಿ, ಹಾಗಾಗಿ ಟೀಮ್ ಕಟ್ಟುವಾಗ ಆರಿಸಿದ್ದೀರಾ ಅಂತ ಒಮ್ಮೆ ನೋಡಿಕೊಳ್ಳಿ. ಅದರ ಇನ್ನೊಂದು ಅಬಿಲಿಟಿ ಮರ್ಸಿಲೆಸ್ ಇಟ್ಟುಕೊಂಡು ಮ್ಯಾಚಿಗೆ ಇಳಿದವರು ಕಡಿಮೆಯೇನಿಲ್ಲ.

ಇಲ್ಲಿ ಹೇಳುವುದೆಲ್ಲ ಆರಕ್ಕೆ ಆರು ಸಿಂಗಲ್ಸ್ ಆಟಕ್ಕೆ, ಪೋಕೆಮಾನ್ ಶೋಡೌನ್ ಅನ್ನುವ ಆನ್‌ಲೈನ್ ಸಿಮ್ಯುಲೇಟರ್‌ನಲ್ಲಿ ಆಡುವ ಹಾಗೆ ಲೆವೆಲ್ 100ಕ್ಕೆ. ಅಧಿಕೃತ ಟೂರ್ನಿಗಳ ವಿಜಿಸಿ ಡಬಲ್ಸ್‌ನಲ್ಲಿ ಲೆವೆಲ್ 50, ನಾಲ್ಕೇ ಪೋಕೆಮಾನ್, ಇಬ್ಬರು ಸೇರಿ ಒಬ್ಬರಿಗೆ ಹೊಡೆಯಬಹುದು. ಅಲ್ಲಿ ಈ ಲೆಕ್ಕ ನಡೆಯಲ್ಲ.

ಅಂಕಿಗಳು

2016ರಲ್ಲಿ ಸನ್ ಮತ್ತು ಮೂನ್ ಜೊತೆ ಬಂದ ಈ ಪಾಯ್ಸನ್-ವಾಟರ್ ಪೋಕೆಮಾನ್‌ನ ಬೇಸ್ ಡಿಫೆನ್ಸ್ 152, ಸ್ಪೆಷಲ್ ಡಿಫೆನ್ಸ್ 142. ಎಚ್‌ಪಿ ಮಾತ್ರ 50. ಇಷ್ಟು ಕಡಿಮೆ ಎಚ್‌ಪಿ ಇರುವುದಕ್ಕೇ ಇವಿಗಳನ್ನು (ಅಂಕಿ ಏರಿಸಲು ನಾವೇ ಹಂಚುವ ಪಾಯಿಂಟ್‌ಗಳು) ಮೊದಲು ಅಲ್ಲಿಗೆ ಸುರಿಯಬೇಕು. 252 ಇವಿ ಹಾಕಿದರೆ ಎಚ್‌ಪಿ 241ರಿಂದ 304 ಆಗುತ್ತೆ, ಅಂದರೆ ಶೇ. 26 ಏರಿಕೆ. ಅದೇ 252 ಇವಿ ಡಿಫೆನ್ಸಿಗೆ ಹೋದರೆ 340 ಇದ್ದದ್ದು 403, ಶೇ. 18ರ ಆಸುಪಾಸು. ಮೇಲಾಗಿ ಎಚ್‌ಪಿ ಎರಡೂ ಬಗೆಯ ಹೊಡೆತಕ್ಕೆ ಆಗುತ್ತೆ.

ಸಾಮಾನ್ಯವಾಗಿ ಹಾಕುವುದು ಹೀಗೆ: 252 ಎಚ್‌ಪಿ, 252 ಡಿಫೆನ್ಸ್, 4 ಸ್ಪೆಷಲ್ ಡಿಫೆನ್ಸ್, ಬೋಲ್ಡ್ ನೇಚರ್ (ಡಿಫೆನ್ಸ್ ಏರಿಸಿ ಅಟ್ಯಾಕ್ ಇಳಿಸುವ ಸ್ವಭಾವ). ಬರುವ ಅಂಕಿ: ಎಚ್‌ಪಿ 304, ಡಿಫೆನ್ಸ್ 443, ಸ್ಪೆಷಲ್ ಡಿಫೆನ್ಸ್ 321, ಸ್ಪೀಡ್ 106. ಅಟ್ಯಾಕ್ ಐವಿ (ಹುಟ್ಟಿನಿಂದ ಬರುವ ಅಂಕಿ) 0 ಇಡಿ. ಫೌಲ್ ಪ್ಲೇ ನಿಮ್ಮದೇ ಅಟ್ಯಾಕ್ ಬಳಸಿ ನಿಮಗೇ ಹೊಡೆಯುತ್ತೆ, ಸುಮ್ಮನೆ ಅವರಿಗೆ ಕೋಲು ಯಾಕೆ ಕೊಡಬೇಕು.

ಈ 304ರಿಂದ ಹುಟ್ಟುವ ನಾಲ್ಕು ಸಂಖ್ಯೆ ಬಾಯಿಪಾಠ ಆಗಿರಲಿ. ರೀಜನರೇಟರ್ 101. ರಿಕವರ್ 152. ಬ್ಲ್ಯಾಕ್ ಸ್ಲಡ್ಜ್ ಐಟಮ್ ಟರ್ನಿಗೆ ವಾಪಸ್ ಕೊಡುವುದು 19. ಎದುರಾಳಿ ಹಾಸಿದ ಸ್ಟೆಲ್ತ್ ರಾಕ್ (ಒಳಗೆ ಬಂದವರಿಗೆ ಚುಚ್ಚುವ ಕಲ್ಲು) ಮೇಲೆ ಕಾಲಿಟ್ಟರೆ 38 ನಷ್ಟ.

ಯಾರ ಎದುರು ಒಳಗೆ ಬರಬೇಕು

ಒಳಗೆ ಬರುವಾಗ ಬೀಳುವ ಹೊಡೆತ 101ರ ಒಳಗಿದ್ದರೆ ಆ ಎದುರಾಳಿಯ ಮುಂದೆ ದಿನವಿಡೀ ಬಂದುಹೋಗಬಹುದು. ನಿಮ್ಮ ಕಡೆ ಸ್ಟೆಲ್ತ್ ರಾಕ್ ಬಿದ್ದಿದ್ದರೆ ಮಿತಿ 63ಕ್ಕೆ ಇಳಿಯುತ್ತೆ. ಸಿಂಡರೇಸ್‌ನ ಪೈರೋ ಬಾಲ್ ತೆಗೆದುಕೊಳ್ಳಿ. 252 ಅಟ್ಯಾಕ್, ಜಾಲಿ ನೇಚರ್, ಐಟಮ್ ಬಲ ಇಲ್ಲದೆ ಹೊಡೆದರೆ 48ರಿಂದ 57. ಕಲ್ಲು ಬಿದ್ದಿದ್ದರೂ 63ರ ಒಳಗೇ ಇದೆ. ಹತ್ತರಲ್ಲೊಂದು ಸಲ ಬರ್ನ್ ಆಗುತ್ತೆ ಅನ್ನುವುದೊಂದೇ ಕಿರಿಕಿರಿ.

ಈಗ ಗ್ರೇಟ್ ಟಸ್ಕ್ ನೋಡಿ. 252 ಅಟ್ಯಾಕ್, ಜಾಲಿ. ಅರ್ತ್‌ಕ್ವೇಕ್ ನಿಮ್ಮ ಬೋಲ್ಡ್ ಟಾಕ್ಸಪೆಕ್ಸ್‌ಗೆ 176ರಿಂದ 210 ತೆಗೆಯುತ್ತೆ. ಒಂದು ಹೊಡೆತಕ್ಕೆ ಸಾಯಲ್ಲ, ಆದರೆ ರಿಕವರ್ ಕೊಡುವುದು 152. ಪ್ರತಿ ಟರ್ನೂ ಸಾಲ ಬೆಳೆಯುತ್ತಾ ಹೋಗುತ್ತೆ. ಹೊಡೆತ 152 ದಾಟಿದ ಕೂಡಲೇ ನಿಂತು ಆಡುವ ಮಾತಿಲ್ಲ, ಹೊರಡಬೇಕು. ಹೆಡ್‌ಲಾಂಗ್ ರಶ್ ಆದರೆ 212ರಿಂದ 252, ಆಗಲಂತೂ ಯೋಚಿಸುವುದೇ ಬೇಡ.

ಇನ್ನೊಂದು ವಿಷಯ ಮರೆಯುವವರು ಹೆಚ್ಚು. ಸ್ಪೀಡ್ 106 ಇರುವುದರಿಂದ ನಿಮ್ಮ ಮೂವ್ ಹೆಚ್ಚುಕಮ್ಮಿ ಯಾವಾಗಲೂ ಎರಡನೆಯದು. ರಿಕವರ್ ಒತ್ತುವ ಟರ್ನಿನಲ್ಲಿ ಹೊಡೆತ ಮೊದಲು ಬೀಳುತ್ತೆ, ಆಮೇಲೆ ಎಚ್‌ಪಿ ಏರುತ್ತೆ. ಹಾಗಾಗಿ ‘ಎಚ್‌ಪಿ ಕೆಂಪಾಗಲಿ, ಆಮೇಲೆ ನೋಡೋಣ’ ಅಂತ ಕಾಯಬಾರದು. ಎದುರಿನವರ ಅತಿ ದೊಡ್ಡ ಹೊಡೆತಕ್ಕಿಂತ ನಿಮ್ಮ ಎಚ್‌ಪಿ ಮೇಲಿರುವಾಗಲೇ ಒತ್ತಿ. ಶೋಡೌನ್‌ನ ಡ್ಯಾಮೇಜ್ ಕ್ಯಾಲ್ಕ್ಯುಲೇಟರ್ ಪಕ್ಕದ ಟ್ಯಾಬಿನಲ್ಲಿ ತೆರೆದೇ ಇರಲಿ, ಅದನ್ನು ನೋಡಿದರೆ ಯಾರೂ ಬೈಯಲ್ಲ.

ಮೂವ್‌ಗಳು

ರಿಕವರ್, ಹೇಜ್, ಟಾಕ್ಸಿಕ್ ಮೂರನ್ನೂ ಕಣ್ಮುಚ್ಚಿ ಹಾಕಿ. ಪಾಯ್ಸನ್ ಟೈಪ್ ಬಳಸಿದರೆ ಟಾಕ್ಸಿಕ್ ಗುರಿ ತಪ್ಪುವುದೇ ಇಲ್ಲ. ನಾಲ್ಕನೆಯ ಜಾಗಕ್ಕೆ ಟಾಕ್ಸಿಕ್ ಸ್ಪೈಕ್ಸ್, ಬೇನ್‌ಫುಲ್ ಬಂಕರ್, ಸರ್ಫ್ ಮೂರರ ನಡುವೆ ಜಗಳ. ಹಳೆಯ ವಾಟರ್ ಮೂವ್ ಸ್ಕಾಲ್ಡ್ ಈ ಆಟದಲ್ಲಿ ಟಾಕ್ಸಪೆಕ್ಸ್‌ಗೆ ಇಲ್ಲ, ಸರ್ಫ್ ಅದರ ಬಡ ತಮ್ಮ. ಆದರೂ ಟಾಂಟ್ ಬಿದ್ದಾಗ ಒತ್ತುವುದಕ್ಕೆ ಏನಾದರೂ ಬೇಕಲ್ಲ, ಅದಕ್ಕೆ ಸರ್ಫ್ ಇಡುವುದೇ ಕ್ಷೇಮ. ನಾಲ್ಕೂ ಸ್ಟೇಟಸ್ ಮೂವ್ ಇಟ್ಟುಕೊಂಡರೆ ಟಾಂಟ್ ಹಾಕಿದವರ ಎದುರು ಮೂರು ಟರ್ನ್ ಸ್ಟ್ರಗಲ್ ಮಾಡಬೇಕಾಗುತ್ತೆ ಇಲ್ಲವೇ ಓಡಬೇಕಾಗುತ್ತೆ.

ಬಂಕರ್ ಇಡುವವರಿಗೆ ಒಂದು ಎಚ್ಚರಿಕೆ. ಅದು ಮೈಮುಟ್ಟಿ ಹೊಡೆದವರಿಗೆ ಅಂಟಿಸುವುದು ಸಾದಾ ವಿಷ, ಟರ್ನಿಗೆ ಎಂಟರಲ್ಲೊಂದು ಪಾಲು. ಟಾಕ್ಸಿಕ್‌ನ ವಿಷ ಹದಿನಾರರಲ್ಲಿ ಒಂದು, ಎರಡು, ಮೂರು ಅಂತ ಏರುತ್ತಾ ಹೋಗಿ ಐದನೇ ಟರ್ನ್ ಮುಗಿಯುವಷ್ಟರಲ್ಲಿ ಹದಿನಾರರಲ್ಲಿ ಹದಿನೈದು ಪಾಲು ತಿಂದಿರುತ್ತೆ. ಒಮ್ಮೆ ಸಾದಾ ವಿಷ ಅಂಟಿದರೆ ಅದರ ಮೇಲೆ ಟಾಕ್ಸಿಕ್ ಹತ್ತಲ್ಲ. ನಿಧಾನವಾಗಿ ಕರಗಿಸಬೇಕಾದ ದೊಡ್ಡ ಗೋಡೆಗೆ ಬಂಕರಿನ ವಿಷ ಅಂಟಿಸಿಬಿಟ್ಟರೆ ನಷ್ಟ ನಿಮಗೇ. ಇತ್ತ ಟಾಕ್ಸಿಕ್‌ಗೂ ಒಂದು ಲೋಪ ಇದೆ: ಅವರು ಹೊರಗೆ ಹೋಗಿ ಬಂದರೆ ಎಣಿಕೆ ಮತ್ತೆ ಒಂದರಿಂದ ಶುರು.

ಟಾಕ್ಸಿಕ್ ಸ್ಪೈಕ್ಸ್ ಒಂದು ಪದರ ಹಾಕಿದರೆ ಸಾದಾ ವಿಷ, ಎರಡು ಹಾಕಿದರೆ ಏರುವ ವಿಷ. ಒಂದೇ ಪದರಕ್ಕೆ ನಿಲ್ಲಿಸುವುದು ಮೇಲೆ ಹೇಳಿದ ಕಾರಣಕ್ಕೇ ಅರ್ಧ ಕೆಲಸ. ಫ್ಲೈಯಿಂಗ್ ಟೈಪ್, ಲೆವಿಟೇಟ್, ಸ್ಟೀಲ್, ಹೆವಿ-ಡ್ಯೂಟಿ ಬೂಟ್ಸ್ (ನೆಲದ ಬಲೆಗಳಿಂದ ಕಾಪಾಡುವ ಐಟಮ್) ತೊಟ್ಟವರು ಯಾರಿಗೂ ಅದು ತಾಗಲ್ಲ. ನೆಲದ ಮೇಲಿರುವ ಪಾಯ್ಸನ್ ಟೈಪ್ ಒಳಗೆ ಬಂದರೆ ಪೂರಾ ಹೀರಿಕೊಂಡುಬಿಡುತ್ತೆ. ಟೀಮ್ ಪ್ರಿವ್ಯೂನಲ್ಲಿ ಹಾಗೆ ತಪ್ಪಿಸಿಕೊಳ್ಳುವವರು ನಾಲ್ಕು ಜನ ಕಂಡರೆ ಸ್ಪೈಕ್ಸ್ ಹಾಕುವ ಟರ್ನ್ ದಂಡ.

ವೊಲ್ಕರೋನಾ ಎದುರು ನಾಲ್ಕು ಟರ್ನ್

ಹೇಜ್ ಎರಡೂ ಕಡೆಯ ಏರಿಳಿತಗಳನ್ನೆಲ್ಲ ಅಳಿಸುತ್ತೆ, ಸಬ್‌ಸ್ಟಿಟ್ಯೂಟ್ ಹಿಂದೆ ಅಡಗಿದವರನ್ನೂ ಬಿಡಲ್ಲ. ಅದನ್ನು ಯಾವಾಗ ಒತ್ತಬೇಕು ಅನ್ನುವುದಕ್ಕೆ ವೊಲ್ಕರೋನಾ ಒಳ್ಳೆಯ ಪಾಠ. ಟಿಮಿಡ್ ನೇಚರ್, 252 ಸ್ಪೆಷಲ್ ಅಟ್ಯಾಕ್ ಅಂದುಕೊಳ್ಳಿ.

ಮೊದಲ ಟರ್ನ್, ನೀವು ಪೂರ್ತಿ ಎಚ್‌ಪಿಯಲ್ಲಿ ಒಳಗೆ ಬರುತ್ತೀರಿ, ಅದು ತನ್ನ ಸ್ಪೆಷಲ್ ಅಟ್ಯಾಕ್, ಸ್ಪೆಷಲ್ ಡಿಫೆನ್ಸ್, ಸ್ಪೀಡ್ ಏರಿಸಿಕೊಳ್ಳುವ ಕ್ವಿವರ್ ಡ್ಯಾನ್ಸ್ ಆಡುತ್ತೆ. ಎರಡನೆಯದು, ಏರಿದ ಬಲದಲ್ಲಿ ಫ್ಲೇಮ್‌ಥ್ರೋವರ್: 84ರಿಂದ 99. ನಿಮ್ಮ ಹೇಜ್ ಆಮೇಲೆ ಬಿದ್ದು ಕುಣಿತವೆಲ್ಲ ನೀರುಪಾಲು. ಕಡಿಮೆಯೆಂದರೆ 205 ಉಳಿದಿರುತ್ತೆ ಅಂತ ಕೆಟ್ಟ ಲೆಕ್ಕವನ್ನೇ ಹಿಡಿಯಿರಿ, ಸ್ಲಡ್ಜ್ ಸೇರಿ 224. ಮೂರನೆಯದು, ಸಾದಾ ಫ್ಲೇಮ್‌ಥ್ರೋವರ್ 55ರಿಂದ 66, ನೀವು ಟಾಕ್ಸಿಕ್. ಈಗ 177. ನಾಲ್ಕನೆಯದರಲ್ಲಿ ನೀವು ಹೊರಗೆ ನಡೆದರೆ 101 ಕೂಡಿ 278, ವಿಷ ಏರುತ್ತಿರುವ ವೊಲ್ಕರೋನಾ ಅವರ ತಲೆನೋವು.

ಇದು ಪುಸ್ತಕದ ಬದನೆಕಾಯಿ ಆಗುವುದು ಟೆರಾದಿಂದ, ಅಂದರೆ ಆಟದ ನಡುವೆ ಒಮ್ಮೆ ಟೈಪ್ ಬದಲಿಸುವ ಸೌಲಭ್ಯದಿಂದ. ಅದೇ ವೊಲ್ಕರೋನಾ ಎರಡನೇ ಟರ್ನಿನಲ್ಲಿ ಟೆರಾ ಗ್ರೌಂಡ್ ಆಗಿ ಟೆರಾ ಬ್ಲಾಸ್ಟ್ ಹೊಡೆದರೆ 296ರಿಂದ 350. ಹೊಡೆತದ ಬಲ ಅದೃಷ್ಟದಂತೆ ಬದಲಾಗುವ ಹದಿನಾರು ರೋಲ್‌ಗಳಲ್ಲಿ ಹದಿಮೂರು ನಿಮ್ಮನ್ನು ಪೂರ್ತಿ ಎಚ್‌ಪಿಯಿಂದಲೇ ಮುಗಿಸುತ್ತವೆ. ನಿಮ್ಮ ಹೇಜ್ ಒತ್ತಿದ್ದು ಒತ್ತಿದಂತೆಯೇ ಉಳಿಯುತ್ತೆ. ಕುಣಿಯದೆ ಹೊಡೆದಿದ್ದರೆ ಗರಿಷ್ಠ 236 ಅಷ್ಟೆ. ಹಾಗಾಗಿ ಅವರ ಬಳಿ ಟೆರಾ ಇನ್ನೂ ಉಳಿದಿದ್ದು, ಟಾಕ್ಸಪೆಕ್ಸ್ ನಿಮ್ಮ ಟೀಮಿನಲ್ಲಿ ಇರುವುದು ಗೊತ್ತಿದ್ದೂ ನಿರಾಳವಾಗಿ ಕುಣಿಯುತ್ತಿದ್ದಾರೆ ಅಂದರೆ ಅನುಮಾನ ಪಡಿ. ಒಂದೋ ಕುಣಿತಕ್ಕೆ ಮೊದಲೇ ಒಳಗೆ ಬಂದಿರಬೇಕು, ಇಲ್ಲವೇ ಗ್ರೌಂಡ್ ತಾಗದವರನ್ನು ಕಳಿಸಬೇಕು.

ಸ್ಪೆಷಲ್ ಡಿಫೆನ್ಸ್ ಏರಿಸುವ ಕಾಮ್ ನೇಚರ್, 252 ಸ್ಪೆಷಲ್ ಡಿಫೆನ್ಸ್, 4 ಡಿಫೆನ್ಸ್ ಮಾಡಿದರೆ ಅದೇ ಏರಿದ ಟೆರಾ ಬ್ಲಾಸ್ಟ್ 228ರಿಂದ 270ಕ್ಕೆ ಇಳಿಯುತ್ತೆ, ಬದುಕುತ್ತೀರಿ. ತಮಾಷೆ ಅಂದರೆ ಗ್ರೇಟ್ ಟಸ್ಕ್‌ನ ಅರ್ತ್‌ಕ್ವೇಕ್ ಕೂಡ ಆಗ ಸರಿಯಾಗಿ 228ರಿಂದ 270 ಆಗುತ್ತೆ. ಹೆಡ್‌ಲಾಂಗ್ ರಶ್ 272ರಿಂದ 324, ಅಂದರೆ ಕಲ್ಲಿನ ಮೇಲೆ ಒಳಗೆ ಬಂದಿದ್ದರೆ ಖಚಿತ ಸಾವು. ಎರಡೂ ಕಡೆ ಗಟ್ಟಿ ಇರಲಿ ಅಂತ ಇವಿಗಳನ್ನು ಅರ್ಧರ್ಧ ಹಂಚಬೇಡಿ. ಟೀಮಿನ ಬೇರೆ ಗೋಡೆ ಯಾವ ಬದಿ ಹಿಡಿದಿದೆಯೋ ಅದರ ಇನ್ನೊಂದು ಬದಿಗೆ ಇದನ್ನು ಪೂರ್ತಿ ಕೊಡಿ.

ಕಿಂಗ್‌ಗ್ಯಾಂಬಿಟ್ ಬಗ್ಗೆ ಚುಟುಕಾಗಿ: ಸ್ಟೀಲ್ ಆದ್ದರಿಂದ ವಿಷ ಹತ್ತಲ್ಲ. ಸಕರ್ ಪಂಚ್ ನಡೆಯುವುದು ಎದುರಿನವರು ಹೊಡೆಯುವ ಮೂವ್ ಒತ್ತಿದಾಗ ಮಾತ್ರ, ಹಾಗಾಗಿ ನಿಮ್ಮ ಹೇಜ್ ಎದುರು ವಿಫಲ. ಸ್ವೋರ್ಡ್ಸ್ ಡ್ಯಾನ್ಸ್ ಆದ ಮೇಲಿನ ಕೌಟೌ ಕ್ಲೀವ್ 168ರಿಂದ 198. ಆದರೆ ಸತ್ತ ಸಂಗಾತಿಗಳಿಂದ ಅದಕ್ಕೆ ಬರುವ ಸುಪ್ರೀಂ ಓವರ್‌ಲಾರ್ಡ್ ಬಲ ಹೇಜ್‌ಗೆ ಅಳಿಯಲ್ಲ. ಆಟದ ಕೊನೆಗೆ ಅದನ್ನು ಟಾಕ್ಸಪೆಕ್ಸ್ ತಡೆಯುತ್ತೆ ಅಂತ ನಂಬಿಕೊಂಡು ಕೂರಬೇಡಿ.

ಕೈಯಲ್ಲಿ ಏನಿರಬೇಕು

ಬ್ಲ್ಯಾಕ್ ಸ್ಲಡ್ಜ್ ಅಥವಾ ಹೆವಿ-ಡ್ಯೂಟಿ ಬೂಟ್ಸ್. ಯಾವುದು ಅನ್ನುವುದು ನಿಮ್ಮ ಟೀಮ್ ನೆಲ ಗುಡಿಸುವುದರಲ್ಲಿ ಎಷ್ಟು ಚುರುಕು ಅನ್ನುವುದರ ಮೇಲೆ. ಸ್ಟೆಲ್ತ್ ರಾಕ್ ಜೊತೆಗೆ ಮೂರು ಪದರ ಸ್ಪೈಕ್ಸ್ ಬಿದ್ದರೆ ಒಳಗೆ ಬರುವುದಕ್ಕೇ 38 ಮತ್ತು 76, ಒಟ್ಟು 114 ಸುಂಕ. ರೀಜನರೇಟರ್ ಕೊಡುವುದು 101. ಹೋಗಿಬಂದಷ್ಟೂ ಎಚ್‌ಪಿ ಕರಗುತ್ತೆ, ಹೊಡೆತ ಬೀಳದಿದ್ದರೂ. ಬೂಟ್ಸ್ ಇದ್ದರೆ ಈ ಸುಂಕವೇ ಇಲ್ಲ, ಆದರೆ ಐಟಮ್ ಕಿತ್ತುಹಾಕುವ ನಾಕ್ ಆಫ್ ಒಂದು ಬಿದ್ದರೆ ಬರಿಗಾಲು.

ಸ್ಲಡ್ಜ್‌ಗೆ ಒಂದು ಲಾಭ ಇದೆ. ಗೋಲ್ಡೆಂಗೋ ಟ್ರಿಕ್ (ಐಟಮ್ ಅದಲುಬದಲು ಮಾಡುವ ಮೂವ್) ಹಾಕಿ ಅದನ್ನು ಕಸಿದರೆ ಪಾಯ್ಸನ್ ಅಲ್ಲದ ಕಾರಣ ಪ್ರತಿ ಟರ್ನೂ ಅದರ ಎಂಟರಲ್ಲೊಂದು ಪಾಲು ಎಚ್‌ಪಿ ಹೋಗುತ್ತೆ. ಅದೇ ಸ್ಲಡ್ಜ್ ನಿಮಗೂ ತಿರುಗಿಬೀಳಬಹುದು: ಟಾಕ್ಸಪೆಕ್ಸ್ ಅನ್ನೇ ಸ್ಟೀಲ್, ಫೇರಿ, ಹೀಗೆ ಬೇರೆ ಟೆರಾ ಮಾಡಿದ ಕ್ಷಣ ಅದು ಪಾಯ್ಸನ್ ಅಲ್ಲ. ಸ್ಲಡ್ಜ್ ಕಚ್ಚತೊಡಗುತ್ತೆ, ಟಾಕ್ಸಿಕ್‌ನ ಗುರಿ ಶೇ. 90ಕ್ಕೆ ಇಳಿಯುತ್ತೆ. ಟೆರಾ ಮಾಡುವ ಯೋಚನೆ ಇದ್ದರೆ ಲೆಫ್ಟೋವರ್ಸ್ ಕೊಡಿ, ಗುಣ ಅಷ್ಟೇ, ತಿರುಗಿ ಕಚ್ಚಲ್ಲ.

ಜೊತೆಗಾರರು

ಟಾಕ್ಸಪೆಕ್ಸ್‌ಗೆ ಎರಡು ಪಟ್ಟು ತಾಗುವುದು ಮೂರೇ: ಗ್ರೌಂಡ್, ಸೈಕಿಕ್, ಎಲೆಕ್ಟ್ರಿಕ್. ಡಾರ್ಕ್-ಗ್ರೌಂಡ್ ಆದ ಟಿಂಗ್-ಲೂಗೆ ಸೈಕಿಕ್ ಮತ್ತು ಎಲೆಕ್ಟ್ರಿಕ್ ಎರಡೂ ತಾಗಲ್ಲ. ಸ್ಟೀಲ್-ಫ್ಲೈಯಿಂಗ್ ಆದ ಕಾರ್ವಿನೈಟ್‌ಗೆ ಗ್ರೌಂಡ್ ತಾಗಲ್ಲ. ತಿರುಗಿಸಿ ನೋಡಿ: ಟಿಂಗ್-ಲೂಗೆ ತಾಗುವ ಫೈಟಿಂಗ್, ಬಗ್, ಫೇರಿ, ವಾಟರ್, ಐಸ್ ಐದನ್ನೂ ಟಾಕ್ಸಪೆಕ್ಸ್ ಅರ್ಧಕ್ಕೆ ಇಳಿಸುತ್ತೆ, ಉಳಿದ ಗ್ರಾಸ್ ಕಾರ್ವಿನೈಟ್‌ಗೆ ಕಾಲುಭಾಗ. ಕಾರ್ವಿನೈಟ್‌ಗೆ ತಾಗುವ ಫೈರ್‌ಗೆ ಟಾಕ್ಸಪೆಕ್ಸ್, ಎಲೆಕ್ಟ್ರಿಕ್‌ಗೆ ಟಿಂಗ್-ಲೂ. ಮೂರು ಕಲ್ಲಿನ ಒಲೆಯ ಹಾಗೆ ಕೂರುತ್ತೆ.

ಒಂದು ತೊಡಕು: ಕಾರ್ವಿನೈಟ್ ಡಿಫಾಗ್ ಹಾಕಿದರೆ ಎರಡೂ ಕಡೆ ಸ್ವಚ್ಛ. ಟಿಂಗ್-ಲೂ ಹಾಕಿದ ಕಲ್ಲು, ನೀವು ಎರಡು ಟರ್ನ್ ಕಳೆದು ಹಾಸಿದ ಟಾಕ್ಸಿಕ್ ಸ್ಪೈಕ್ಸ್, ಎಲ್ಲ ಹೋಯಿತು. ಡಿಫಾಗ್ ಇದ್ದರೆ ನಾಲ್ಕನೇ ಜಾಗಕ್ಕೆ ಟಾಕ್ಸಿಕ್ ಸ್ಪೈಕ್ಸ್ ಬಿಟ್ಟು ಸರ್ಫ್ ಹಾಕಿ.

ಯಾರಿಗೆ ಬಾಗಿಲು ತೆರೆಯಬಾರದು

ಗ್ಲೈಸ್ಕಾರ್‌ಗೆ ಟಾಕ್ಸಿಕ್ ಹಾಕಿದರೆ ಉಪಚಾರ ಮಾಡಿದ ಹಾಗೆ. ಪಾಯ್ಸನ್ ಹೀಲ್‌ನಿಂದ ವಿಷವೇ ಅದಕ್ಕೆ ಊಟ, ಮೇಲೆ ಅರ್ತ್‌ಕ್ವೇಕ್ ಬೇರೆ. ಗಟ್ಸ್ ಇರುವ ಉರ್ಸಲೂನಾಗೆ ವಿಷ ಹಾಕಿದರೆ ಅಟ್ಯಾಕ್ ಒಂದೂವರೆ ಪಟ್ಟು. ಗೋಲ್ಡೆಂಗೋಗೆ ಯಾವ ಟಾಕ್ಸಿಕ್ಕೂ ಹತ್ತಲ್ಲ, ಅದನ್ನು ಟಿಂಗ್-ಲೂಗೆ ಬಿಡಿ. ಸೈಕಿಕ್ ನಾಯ್ಸ್ ಹಿಡಿದವರ ಎದುರು ನಿಲ್ಲಲೇಬೇಡಿ: ಎರಡು ಪಟ್ಟು ಹೊಡೆತ, ಜೊತೆಗೆ ಎರಡು ಟರ್ನ್ ರಿಕವರ್ ಬಂದ್. ವೀಜಿಂಗ್‌ನ ನ್ಯೂಟ್ರಲೈಸಿಂಗ್ ಗ್ಯಾಸ್ ಎದುರಿಗಿರುವಾಗ ಹೊರಗೆ ಹೋದರೂ 101 ಬರಲ್ಲ.

ಹೊರಗೆ ಹೋಗುವುದಕ್ಕೆ ಒಳಗೆ ಬರುವವರು ಇರಬೇಕು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಟಾಕ್ಸಪೆಕ್ಸ್‌ಗೆ ಸಿಗುವ ಒಂದೊಂದು 101ಕ್ಕೂ ಟೀಮಿನ ಬೇರೆ ಯಾರೋ ಹೊಡೆತ ತಿಂದಿರುತ್ತಾರೆ. ಕಾರ್ವಿನೈಟ್‌ನ ರೂಸ್ಟ್ ಪಿಪಿಯೂ ಎಂಟೇ. ಅದು ಮುಗಿಯುತ್ತಾ ಬಂದಾಗ ಟಾಕ್ಸಪೆಕ್ಸ್ 200 ಎಚ್‌ಪಿಯಲ್ಲಿದ್ದರೆ ರಿಕವರ್ ಖರ್ಚು ಮಾಡಿ ನಿಂತುಕೊಳ್ಳುವುದೇ ಸರಿ. ಉಳಿದವರೆಲ್ಲ ಬಿದ್ದು ಅದೊಂದೇ ಉಳಿದ ದಿನ ರೀಜನರೇಟರ್ ಇದ್ದೂ ಇಲ್ಲದ ಹಾಗೆ, ಆಗ ಕೈಯಲ್ಲಿರುವುದು ಉಳಿದ ರಿಕವರ್‌ಗಳು ಮಾತ್ರ. ಅದಕ್ಕೇ ಮೊದಲ ಇಪ್ಪತ್ತು ಟರ್ನಿನಲ್ಲಿ ಮೂರಕ್ಕಿಂತ ಹೆಚ್ಚು ರಿಕವರ್ ಮುಗಿದಿದ್ದರೆ ಎಲ್ಲೋ ಸ್ವಿಚ್ ಮಾಡಬೇಕಾದ ಕಡೆ ನಿಂತಿದ್ದೀರಿ. ರೀಪ್ಲೇ ತೆರೆದು ಆ ಟರ್ನ್‌ಗಳ ಹೊಡೆತವನ್ನು 152ರ ಪಕ್ಕದಲ್ಲಿಟ್ಟು ನೋಡಿ.