ಟ್ರ್ಯಾಕ್ಟರ್ ಉಪಕರಣಕ್ಕೆ ಶಿಯರ್ ಬೋಲ್ಟ್ ಆರಿಸುವುದು ಹೇಗೆ?

ಪೊದೆ, ಕಳೆ ಕತ್ತರಿಸುವ ಸ್ಲ್ಯಾಷರ್‌ನ ಅಲಗಿಗೆ ಕಲ್ಲು ಬಡಿಯುತ್ತದೆ. ಗುಂಡಿ ತೋಡುವ ಯಂತ್ರ ಮರದ ಬೇರಿಗೆ ಕಚ್ಚಿಕೊಳ್ಳುತ್ತದೆ. ಹುಲ್ಲನ್ನು ಒತ್ತಿ ಕಟ್ಟು ಕಟ್ಟುವ ಬೇಲರ್‌ನ ಬಾಯಿಗೆ ಒದ್ದೆ ಹುಲ್ಲಿನ ಮುದ್ದೆ ಸಿಕ್ಕಿಕೊಳ್ಳುತ್ತದೆ. ಉಪಕರಣ ಗಕ್ಕನೆ ನಿಂತರೂ ಟ್ರ್ಯಾಕ್ಟರ್‌ನ ಪಿಟಿಒ, ಅಂದರೆ ಎಂಜಿನ್ ಬಲವನ್ನು ಉಪಕರಣಕ್ಕೆ ಒಯ್ಯುವ ವ್ಯವಸ್ಥೆ, ಶಾಫ್ಟ್ ತಿರುಗಿಸುತ್ತಲೇ ಇರುತ್ತದೆ. ಆ ಕ್ಷಣದಲ್ಲಿ ಏನಾದರೊಂದು ಮುರಿಯಲೇಬೇಕು. ಮುರಿಯುವುದು ಗೇರ್‌ಬಾಕ್ಸ್‌ನ ಹಲ್ಲೋ, ಶಾಫ್ಟಿನ ಕೀಲಿನ ಕ್ರಾಸೋ, ಒಂದು ಸಣ್ಣ ಬೋಲ್ಟೋ ಎಂಬುದನ್ನು ನಾವು ಮೊದಲೇ ತೀರ್ಮಾನಿಸಿರಬೇಕು. ಮನೆಯ ವಿದ್ಯುತ್ ಫ್ಯೂಸ್ ಮಾಡುವ ಕೆಲಸವನ್ನೇ ಇಲ್ಲಿ ಶಿಯರ್ ಬೋಲ್ಟ್ ಮಾಡುತ್ತದೆ.

ಆದ್ದರಿಂದ ಅಂಗಡಿಯಲ್ಲಿ "ಇರುವುದರಲ್ಲೇ ಗಟ್ಟಿಯಾದದ್ದು ಕೊಡಿ" ಎಂದು ಕೇಳುವುದು ಉಪಕರಣಕ್ಕೆ ಮಾಡುವ ದೊಡ್ಡ ಅನ್ಯಾಯ. ಮುರಿಯದ ಶಿಯರ್ ಬೋಲ್ಟ್ ಅತ್ಯಂತ ದುಬಾರಿ ಬೋಲ್ಟ್.

ಮೊದಲು ಕೈಪಿಡಿ ತೆರೆಯಿರಿ

ತಯಾರಕರ ಕೈಪಿಡಿಯಲ್ಲಿ ಬೋಲ್ಟಿನ ವ್ಯಾಸ, ಉದ್ದ, ದರ್ಜೆ ಮತ್ತು ಬಿಡಿಭಾಗದ ಸಂಖ್ಯೆ ಇರುತ್ತವೆ. ಕೆಲವು ಉಪಕರಣಗಳ ಶಿಯರ್ ಬೋಲ್ಟಿಗೆ ತುಂಡಾಗಬೇಕಾದ ಜಾಗದಲ್ಲೇ ಸುತ್ತಲೂ ಒಂದು ತೋಡು ಕೊರೆದಿರುತ್ತಾರೆ. ಅಲ್ಲಿ ಅದೇ ವ್ಯಾಸದ ಮಾಮೂಲಿ ಬೋಲ್ಟ್ ಹಾಕಿದರೆ ಅದು ಮೂಲ ಬೋಲ್ಟಿಗಿಂತ ಬಹಳ ಗಟ್ಟಿಯಾಗಿಬಿಡುತ್ತದೆ. ಒಂದೇ ಯಂತ್ರದಲ್ಲಿ ಬೇರೆ ಬೇರೆ ಜಾಗಕ್ಕೆ ಬೇರೆ ಬೇರೆ ಬೋಲ್ಟ್ ಇರುವುದೂ ಉಂಟು. ಬೇಲರ್‌ನ ಫ್ಲೈವೀಲ್‌ನದು ಒಂದು, ಗಂಟು ಹಾಕುವ ಭಾಗದ್ದು ಇನ್ನೊಂದು. ಅವನ್ನು ಅದಲುಬದಲು ಮಾಡಬಾರದು.

ತಲೆಯ ಮೇಲಿನ ಗುರುತು ಓದಿ

ಕೈಪಿಡಿ ಕಳೆದುಹೋಗಿದ್ದರೆ ಮುರಿದ ಬೋಲ್ಟಿನ ತಲೆಯೇ ಸಾಕ್ಷಿ. ಅದನ್ನು ಎಸೆಯಬೇಡಿ. ಆದರೆ ಹಿಂದೆ ಯಾರೋ ತಪ್ಪು ಬೋಲ್ಟ್ ಹಾಕಿರಲೂಬಹುದು. ಸಾಧ್ಯವಾದಾಗ ತಯಾರಕರ ಬಳಿ ಖಚಿತಪಡಿಸಿಕೊಳ್ಳಿ.

ಮಿಲಿಮೀಟರ್ ಅಳತೆಯ ಬೋಲ್ಟುಗಳ ತಲೆಯ ಮೇಲೆ 4.6, 5.8, 8.8, 10.9 ಹೀಗೆ ಅಂಕಿಗಳಿರುತ್ತವೆ. ಚುಕ್ಕೆಗೆ ಮುಂಚಿನ ಸಂಖ್ಯೆಯನ್ನು ನೂರರಿಂದ ಗುಣಿಸಿದರೆ ಎಳೆತ ತಾಳುವ ಶಕ್ತಿ ಮೆಗಾಪಾಸ್ಕಲ್‌ನಲ್ಲಿ ಸಿಗುತ್ತದೆ. 4.6ಕ್ಕೆ 400, 8.8ಕ್ಕೆ 800. ಅಂದರೆ 8.8ರ ಬೋಲ್ಟ್ 4.6ಕ್ಕಿಂತ ಎರಡು ಪಟ್ಟು ಗಟ್ಟಿ. ಇಂಚಿನ ಬೋಲ್ಟುಗಳಲ್ಲಿ ಗೆರೆಗಳನ್ನು ಎಣಿಸಬೇಕು: ಗೆರೆಯಿಲ್ಲದಿದ್ದರೆ ಸಾಮಾನ್ಯವಾಗಿ ಗ್ರೇಡ್ 2, ಮೂರು ಗೆರೆಯಿದ್ದರೆ ಗ್ರೇಡ್ 5, ಆರಿದ್ದರೆ ಗ್ರೇಡ್ 8. ಗ್ರೇಡ್ 5 ಹೆಚ್ಚುಕಡಿಮೆ 8.8ಕ್ಕೆ, ಗ್ರೇಡ್ 8 ಹೆಚ್ಚುಕಡಿಮೆ 10.9ಕ್ಕೆ ಸಮ.

ಅಡ್ಡಲಾಗಿ ಕತ್ತರಿಸುವ ಬಲವನ್ನು ಉಕ್ಕು ತಾಳುವುದು ಎಳೆತದ ಶಕ್ತಿಯ ಸುಮಾರು ಶೇ 60ರಷ್ಟು ಮಾತ್ರ. ಒಂದು ಲೆಕ್ಕ ಹಾಕಿ ನೋಡೋಣ. 30 ಕಿಲೋವ್ಯಾಟ್, ಅಂದರೆ ಸುಮಾರು 40 ಅಶ್ವಶಕ್ತಿ, ನಿಮಿಷಕ್ಕೆ 540 ಸುತ್ತಿನ ಪಿಟಿಒ ಮೂಲಕ ಹೋಗುವಾಗ ತಿರುಚುವ ಬಲ ಸುಮಾರು 530 ನ್ಯೂಟನ್ ಮೀಟರ್. ಒಂದೇ ಬೋಲ್ಟ್ ಶಾಫ್ಟಿನ ನಡುವಿನಿಂದ 50 ಮಿ.ಮೀ. ದೂರದಲ್ಲಿದ್ದರೆ ಅದರ ಮೇಲೆ ಸುಮಾರು 1,080 ಕಿಲೋ ತೂಕದಷ್ಟು ಬಲ ಬೀಳುತ್ತದೆ. ಒಂದೇ ಕಡೆ ಕತ್ತರಿಸುವಂತೆ ಜೋಡಿಸಿದ 8 ಮಿ.ಮೀ. ವ್ಯಾಸದ 4.6 ಬೋಲ್ಟ್ ಸುಮಾರು 1,230 ಕಿಲೋ ಬಲಕ್ಕೆ ತುಂಡಾಗುತ್ತದೆ. ಅದೇ ಅಳತೆಯ 8.8 ಬೋಲ್ಟ್ ತುಂಡಾಗಲು ಸುಮಾರು 2,460 ಕಿಲೋ ಬೇಕು. ಮೊದಲನೆಯದು ಸಣ್ಣಪುಟ್ಟ ಏಟಿಗೂ ಮುರಿದು ಕೆಲಸ ಕೆಡಿಸಬಹುದು. ಎರಡನೆಯದು ಎಂದಿನ ಹೊರೆಯ ಎರಡು ಪಟ್ಟಿಗಿಂತ ಹೆಚ್ಚನ್ನು ಗೇರ್‌ಬಾಕ್ಸಿಗೆ ದಾಟಿಸುತ್ತದೆ. ಆ ಗೇರ್‌ಬಾಕ್ಸ್ ಅಷ್ಟನ್ನು ತಾಳುತ್ತದೆಯೇ ಎಂಬುದು ಅದನ್ನು ತಯಾರಿಸಿದವರಿಗೆ ಮಾತ್ರ ಗೊತ್ತು. ಕೈಪಿಡಿಗೆ ಇಷ್ಟೊಂದು ಬೆಲೆ ಕೊಡುವುದು ಇದೇ ಕಾರಣಕ್ಕೆ.

ವ್ಯಾಸ ಅಳೆಯಿರಿ, ತೂತನ್ನೂ ಅಳೆಯಿರಿ

ದರ್ಜೆಯ ಜೊತೆಗೆ ವ್ಯಾಸದ ತಪ್ಪೂ ದೊಡ್ಡದೇ, ಏಕೆಂದರೆ ಶಕ್ತಿ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ. 8 ಮಿ.ಮೀ. ಬದಲು 10 ಮಿ.ಮೀ. ಬೋಲ್ಟ್ ಹಾಕಲು ತೂತು ಕೊರೆದು ದೊಡ್ಡದು ಮಾಡಿದಿರೋ, ಶಕ್ತಿ ಶೇ 56ರಷ್ಟು ಹೆಚ್ಚುತ್ತದೆ. ಅಷ್ಟೇ ಅಲ್ಲ, ಮೂಲ ಬೋಲ್ಟ್ ಇನ್ನೆಂದೂ ಅಲ್ಲಿ ಬಿಗಿಯಾಗಿ ಕೂರುವುದಿಲ್ಲ.

ಇಂಚು–ಮಿಲಿಮೀಟರ್ ಗೊಂದಲವೂ ಇಲ್ಲೇ ಕಾಡುತ್ತದೆ. 5/16 ಇಂಚು 7.94 ಮಿ.ಮೀ. ಆಗುವುದರಿಂದ 8 ಮಿ.ಮೀ.ಗೆ ತೀರಾ ಹತ್ತಿರ. ಆದರೆ 3/8 ಇಂಚು ಎಂದರೆ 9.5 ಮಿ.ಮೀ., ಅರ್ಧ ಇಂಚು ಎಂದರೆ 12.7 ಮಿ.ಮೀ. ಅರ್ಧ ಇಂಚಿನ ತೂತಿನಲ್ಲಿ 12 ಮಿ.ಮೀ. ಬೋಲ್ಟ್ ಹಾಕಿದರೆ ಅದು ಅಲ್ಲಾಡುತ್ತದೆ, ಪ್ರತಿ ಅದುರಿಗೂ ಸುತ್ತಿಗೆ ಏಟು ತಿನ್ನುತ್ತದೆ, ಹೊರೆ ಮೀರದಿದ್ದಾಗಲೂ ಮುರಿಯಬಹುದು. ತೂತೇ ಸವೆದು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಯಾವ ಬೋಲ್ಟೂ ಬಾಳುವುದಿಲ್ಲ. ತೂತಿನೊಳಗೆ ಬದಲಿಸಬಹುದಾದ ಬುಷ್ (ಸಣ್ಣ ಕೊಳವೆ) ಇದ್ದರೆ ಅದನ್ನು ಬದಲಿಸಿ, ಇಲ್ಲದಿದ್ದರೆ ಬೋಲ್ಟ್ ಕೂರುವ ಬಿಲ್ಲೆಯಂಥ ಫ್ಲ್ಯಾಂಜನ್ನೇ ಬದಲಿಸಿ.

ಥ್ರೆಡ್ ಎಲ್ಲಿಂದ ಶುರುವಾಗುತ್ತದೆ?

ಬಹಳ ಜನ ನೋಡದೆ ಬಿಡುವ ವಿಷಯ ಇದು. ಎರಡು ಲೋಹದ ಮೈಗಳು ಕೂಡುವ ಗೆರೆಯಲ್ಲೇ ಬೋಲ್ಟ್ ತುಂಡಾಗುವುದು. ಕೈಪಿಡಿ ಬೇರೆ ಹೇಳದಿದ್ದರೆ ಆ ಗೆರೆಯಲ್ಲಿ ಬೋಲ್ಟಿನ ನುಣುಪು ಭಾಗ ಇರಬೇಕು, ಥ್ರೆಡ್ ಇರಬಾರದು. 8 ಮಿ.ಮೀ. ಬೋಲ್ಟಿನ ನುಣುಪು ಭಾಗದ ಅಡ್ಡಕೊಯ್ತ ಸುಮಾರು 50 ಚದರ ಮಿ.ಮೀ., ಥ್ರೆಡ್ ಇರುವಲ್ಲಿ ಸುಮಾರು 36 ಮಾತ್ರ. ಥ್ರೆಡ್ ಆ ಗೆರೆಯಲ್ಲಿ ಕೂತರೆ ಬೋಲ್ಟ್ ಬೇಗ ಮುರಿಯುತ್ತದೆ, ತೂತಿನ ಅಂಚನ್ನೂ ಅರದಂತೆ ಉಜ್ಜುತ್ತದೆ. ತಲೆಯವರೆಗೂ ಥ್ರೆಡ್ ಇರುವ ಬೋಲ್ಟನ್ನು ಕೊಳ್ಳಬೇಡಿ.

ಉದ್ದವೂ ಮುಖ್ಯ, ಅದರಲ್ಲೂ ಗುಂಡಿ ತೋಡುವ ಯಂತ್ರಗಳಲ್ಲಿ. ತಿರುಗುವ ಶಾಫ್ಟಿನಿಂದ ಹೊರಚಾಚಿದ ಬೋಲ್ಟಿನ ತುದಿ ಅಂಗಿಯ ತೋಳನ್ನೋ ಸೆರಗನ್ನೋ ಹಿಡಿದರೆ ಕ್ಷಣಾರ್ಧದಲ್ಲಿ ಮನುಷ್ಯನನ್ನೇ ಎಳೆದುಕೊಳ್ಳುತ್ತದೆ. ಇಂಥ ಅವಘಡಗಳಲ್ಲಿ ಜೀವ ಹೋಗಿವೆ. ಅಲ್ಲಿಗೆ ತಯಾರಕರು ಕೊಟ್ಟ ಬೋಲ್ಟನ್ನಷ್ಟೇ ಹಾಕಿ, ಕವಚ ತೆಗೆದು ಓಡಿಸಬೇಡಿ.

ಹಾಕುವಾಗ

ಪಿಟಿಒ ಬಿಡಿಸಿ, ಎಂಜಿನ್ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಳ್ಳಿ. ಫ್ಲೈವೀಲ್ ಪೂರ್ತಿ ನಿಲ್ಲುವವರೆಗೆ ಕಾಯಿರಿ. ಸಿಕ್ಕಿಕೊಂಡದ್ದನ್ನು ತೆಗೆದು, ಮುರಿದ ಬೋಲ್ಟಿನ ಎರಡೂ ತುಂಡುಗಳನ್ನು ಹೊರಹಾಕಿ. ಹೊಸ ಬೋಲ್ಟ್ ಹಾಕುವ ಮೊದಲು ಫ್ಲ್ಯಾಂಜನ್ನು ಕೈಯಿಂದ ತಿರುಗಿಸಿ ನೋಡಿ. ತುಕ್ಕು ಹಿಡಿದು ಶಾಫ್ಟಿಗೆ ಅಂಟಿಕೊಂಡಿದ್ದರೆ ಬೋಲ್ಟ್ ಮುರಿದರೂ ಉಪಕರಣ ತಿರುಗುತ್ತಲೇ ಇರುತ್ತದೆ, ರಕ್ಷಣೆ ಸೊನ್ನೆ. ಬಿಡಿಸಿ, ಗ್ರೀಸ್ ಹಚ್ಚಿ. ನಟ್ ಸಡಿಲವಾಗದ ಲಾಕ್ ನಟ್ ಆಗಿರಲಿ. ಬಿಗಿ ಕೈಪಿಡಿಯಲ್ಲಿ ಹೇಳಿದಷ್ಟೇ ಇರಲಿ. ಅತಿಯಾಗಿ ಬಿಗಿದರೆ ಬೋಲ್ಟ್ ಮೊದಲೇ ಎಳೆತದಲ್ಲಿರುತ್ತದೆ, ಸಡಿಲವಿದ್ದರೆ ಏಟು ತಿನ್ನುತ್ತದೆ.

ಮತ್ತೆ ಮತ್ತೆ ಮುರಿದರೆ

ದರ್ಜೆ ಏರಿಸುವ ಮೊದಲು ಕಾರಣ ಹುಡುಕಿ. ಎಂಜಿನ್ ಜೋರಾಗಿ ಓಡುತ್ತಿರುವಾಗ ಪಿಟಿಒ ಹಾಕುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಕಡಿಮೆ ವೇಗದಲ್ಲಿ ಹಾಕಿ, ನಿಧಾನವಾಗಿ ಏರಿಸಿ. ಮೊಂಡಾದ ಅಲಗು, ಕೆಟ್ಟ ಬೇರಿಂಗ್, ಉಪಕರಣದ ತಾಕತ್ತನ್ನು ಮೀರಿದ ಟ್ರ್ಯಾಕ್ಟರ್, ಇವನ್ನೂ ನೋಡಿ. ಮುರಿದ ಮುಖವನ್ನೂ ಪರೀಕ್ಷಿಸಿ. ಸಪಾಟಾಗಿ ಒಂದೇ ಏಟಿಗೆ ಕತ್ತರಿಸಿದಂತಿದ್ದರೆ ಹೊರೆ ಮೀರಿದೆ ಎಂದರ್ಥ. ಬೋಲ್ಟ್ ಬಾಗಿ, ಮೈಮೇಲೆ ಮೆಟ್ಟಿಲಿನಂಥ ಸವೆತ ಇದ್ದರೆ ತೂತು ಸಡಿಲವಾಗಿದೆ. ಕಲ್ಲು, ಬೇರು ತುಂಬಿದ ನೆಲದಲ್ಲೇ ದಿನವೂ ಕೆಲಸವಾದರೆ ಹೊರೆ ಮೀರಿದಾಗ ಮುರಿಯದೆ ಜಾರುವ ಸ್ಲಿಪ್ ಕ್ಲಚ್ ಇರುವ ಶಾಫ್ಟಿನ ಬಗ್ಗೆ ತಯಾರಕರನ್ನು ವಿಚಾರಿಸಿ.

ಮೊಳೆ, ವೆಲ್ಡಿಂಗ್ ಕಡ್ಡಿ, ಕಂಬಿಯ ತುಂಡು ಹಾಕಿ ಆ ಹೊತ್ತಿನ ಕೆಲಸ ಸಾಗಿಸುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಅವು ಯಾವ ಹೊರೆಗೆ ಮುರಿಯುತ್ತವೆ ಎಂದು ಯಾರೂ ಹೇಳಲಾರರು. ಅದರ ಬದಲು ಸರಿಯಾದ ಬೋಲ್ಟು, ನಟ್ಟುಗಳ ಒಂದು ಹಿಡಿಯನ್ನು ಉಪಕರಣದ ಹೆಸರು ಬರೆದ ಡಬ್ಬಿಯಲ್ಲಿ ಹಾಕಿ, ಅದಕ್ಕೊಪ್ಪುವ ಸ್ಪ್ಯಾನರ್ ಜೊತೆಗೆ ಟ್ರ್ಯಾಕ್ಟರ್‌ನಲ್ಲೇ ಇಟ್ಟುಕೊಳ್ಳಿ.