ಇಂಜಿನ್ ಇಲ್ಲದೆ ಮಾಂಡೋವಿ ಇಳಿದ ನನ್ನ ಅನುಭವ

"ಇಂಜಿನ್ ಇಲ್ದ ಹೊಳ್ಯಾಗ ಮಂದಿನ್ನ ಕರ್ಕೊಂಡು ಹೋಗ್ತಿ? ನೀರಾಗ ಹೋಮ ಮಾಡಿದಂಗ ನೋಡು ತಮ್ಮಾ" ಎಂದಿದ್ದರು ವಾಸ್ಕೋದ ಕಾಕಾ. ಗೋವಾದ ಮಾಂಡೋವಿ ಹೊಳೆಯಲ್ಲಿ ಪ್ರವಾಸಿಗರನ್ನು ಹುಟ್ಟು ಹಾಕುವ ದೋಣಿಯಲ್ಲಿ, ಇಳಿತದ ಸೆಳೆತದ ಜೊತೆಗೇ ಕರೆದೊಯ್ಯುವುದು ನನ್ನ ಕೆಲಸ. ಈ ವರ್ಷ 11 ಸಲ ಇಳಿದೆ. ಒಂದು ಸಲವೂ ದೋಣಿ ಎಳೆಸಿಕೊಂಡು ಬರಲಿಲ್ಲ.

ನಮ್ಮ ಖಾನಾಪುರದ ಕಡೆ ಹುಟ್ಟುವ ಮಹದಾಯಿಯೇ ಇಲ್ಲಿ ಮಾಂಡೋವಿ. ಸತ್ತರಿ ತಾಲ್ಲೂಕಿನ ಕಾಡನ್ನು ಮೊದಲ ದಿನ ಪರವಾನಗಿ ತೆಗೆದುಕೊಂಡು ನಡೆದೇ ನೋಡುತ್ತೇವೆ. ಆಲ ಹಣ್ಣಾಗಿದ್ದರೆ ಅಲ್ಲೇ ಕೂತುಬಿಡಬೇಕು, ಮಂಗಟ್ಟೆ ಹಕ್ಕಿ ತಾನೇ ಬರುತ್ತದೆ. ದೋಣಿ ಎರಡನೇ ದಿನ, ಹೊಳೆದಂಡೆಯ ಗಾಂಜೆ ಹಳ್ಳಿಯಿಂದ ಕೆಳಗಿನ ವೊಳ್ವಯ್ ತನಕ. ಹತ್ತು-ಹನ್ನೆರಡು ಕಿ.ಮೀ. ಇರಬೇಕು.

ಮೊದಲ ವರ್ಷ ಮೋಟರ್ ದೋಣಿ ಬಾಡಿಗೆಗೆ ಹಿಡಿದಿದ್ದೆ. ಒಂದು ಸಲಕ್ಕೆ ಸುಮಾರು 6,000. ಸದ್ದಿಗೆ ನೀರುನಾಯಿ ಮುಳುಗಿಬಿಡುತ್ತಿತ್ತು. ವರ್ಷದ ಕೊನೆಗೆ 40 ಸಾವಿರ ಕೈಬಿಟ್ಟಿತು. ಆಮೇಲೆ ಹುಟ್ಟು ಹಾಕುವ ದೋಣಿ ತಂದೆ. ಹೊಳೆ ಸಮುದ್ರ ಸೇರುವ ಪಣಜಿಯ ಉಬ್ಬರ-ಇಳಿತದ ವೇಳಾಪಟ್ಟಿ ನೋಡಿ, ಇಳಿತ ಶುರುವಾಯಿತೆಂದು ಗಾಂಜೆಯಲ್ಲಿ ಇಳಿದೆ. ಅಲ್ಲಿ ನೀರು ಇನ್ನೂ ಏರುತ್ತಲೇ ಇತ್ತು! ಎರಡು ತಾಸು ಹುಟ್ಟು ಹಾಕಿದರೂ ಒಂದು ಕಿ.ಮೀ. ದಾಟಲಿಲ್ಲ. ಹುಬ್ಬಳ್ಳಿಯಿಂದ ಬಂದಿದ್ದ ಕುಟುಂಬಕ್ಕೆ ಪೂರ್ತಿ ರೊಕ್ಕ ವಾಪಸ್ ಕೊಟ್ಟೆ.

ವೊಳ್ವಯ್‌ನ ಒಬ್ಬ ಮೀನುಗಾರರು ಪಟ್ಟಿ ನೋಡುವುದೇ ಇಲ್ಲ. ನೀರ ಮೇಲಿನ ಎಲೆ ಯಾವ ಕಡೆ ತೇಲುತ್ತದೆ ಎಂದು ನೋಡುತ್ತಾರೆ. ಅವರನ್ನು ಕಂಡ ಮೇಲೆ ದಂಡೆಯಲ್ಲಿ ಬಿದಿರು ನೆಟ್ಟು, ನೀರು ಎಲ್ಲಿಗೆ ಏರಿತು, ಎಲ್ಲಿಗೆ ಇಳಿಯಿತು ಎಂದು ಎರಡು ವಾರ ಬಣ್ಣದ ಗೆರೆ ಎಳೆದೆ. ಪಣಜಿಯ ಉಬ್ಬರಕ್ಕೂ ಗಾಂಜೆಯದಕ್ಕೂ ಎಷ್ಟು ಹೊತ್ತಿನ ಅಂತರ ಎಂಬುದು ನನ್ನ ಬಂಡವಾಳ, ಅದನ್ನು ಹೇಳುವುದಿಲ್ಲ. ಬಿದಿರು ನೀವೂ ನೆಡಬಹುದು ಅಲ್ವಾ? ಹೊಸಬರಿದ್ದರೆ ಅಷ್ಟಮಿಯ ಹತ್ತಿರ ಇಳಿಯಿರಿ. ಹುಣ್ಣಿಮೆ, ಅಮಾವಾಸ್ಯೆಗೆ ಸೆಳೆತ ಜಾಸ್ತಿ. ಅದಿರು ಸಾಗಿಸುವ ದೊಡ್ಡ ಬಾರ್ಜ್ ದೋಣಿ ಬಂದರೆ ದೋಣಿಯ ಮೂತಿಯನ್ನು ಅಲೆಗೇ ತಿರುಗಿಸಿ.

ಇದೇ ಉಪಾಯವನ್ನು ಕುಂಬಾರ್ಜುವಾ ಕಾಲುವೆಯಲ್ಲೂ ನೋಡಿದೆ. ಆಗಲಿಲ್ಲ. ಅದು ಮಾಂಡೋವಿಗೂ ಜುವಾರಿ ಹೊಳೆಗೂ ಕೂಡಿಕೊಂಡಿದೆ, ನೀರು ಎರಡೂ ಕಡೆಯಿಂದ ನುಗ್ಗುತ್ತದೆ. 1,800 ರೂಪಾಯಿ ಹೋಯಿತು. ಆದರೆ ಇಳಿತದಲ್ಲಿ ಕೆಸರಿನ ಮೇಲೆ ಮೂರು ಮೊಸಳೆ ಬಿಸಿಲು ಕಾಯುತ್ತಿದ್ದವು. ಸಿಹಿನೀರಿನ ಜಾತಿ, ಉಪ್ಪುನೀರಲ್ಲಿ ಬದುಕಿವೆ. ಅರ್ಧ ತಾಸು ಉಸಿರು ಬಿಗಿಹಿಡಿದು ನೋಡಿದೆ.

ಊಟ ಮೊದಲು ಫೋಂಡಾದಿಂದ ಪೊಟ್ಟಣದಲ್ಲಿ ಬರುತ್ತಿತ್ತು. ಈಗ ವೊಳ್ವಯ್‌ನ ಒಂದು ಅಡಿಕೆ ತೋಟದ ಮನೆಯಲ್ಲಿ ತಲೆಗೆ 250 ಕೊಟ್ಟು ಅನ್ನ, ಮೀನು ಸಾರು, ಕೋಕಂ ಹುಳಿಯ ಸೋಲ್‌ಕಡಿ. ದೋಣಿ ಕಟ್ಟಲು ಜಾಗವನ್ನೂ ಅವರೇ ಕೊಟ್ಟರು.

ಕಳೆದ ತಿಂಗಳು ಕಾಕಾ ಮೊಮ್ಮಕ್ಕಳನ್ನು ಕರೆದುಕೊಂಡು ಬಂದರು. ಐದು ನೀರುನಾಯಿ ಕಂಡವು. ಯಾವ ತಿರುವಿನಲ್ಲಿ ಎಂದು ಅವರಿಗೂ ಹೇಳಿಲ್ಲ.